ಮರದ ಬೇಲಿಗೆ ಬಣ್ಣ ಹೊಡೆಸೋ ಮೊದಲು ಬುಡ ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಹಿತ್ತಲಿಗೆ, ಹೋಂಸ್ಟೇ ಅಂಗಳಕ್ಕೆ, ಹೋಟೆಲ್ ಪಕ್ಕಕ್ಕೆ ಮರೆ ಇರಲಿ ಅಂತ ಹಲಗೆ ಬೇಲಿ ಹಾಕಿಸುವವರಿದ್ದಾರೆ. ಬೇಸಿಗೆಯಲ್ಲಿ ಚೆಂದ ಕಾಣುವ ಈ ಬೇಲಿ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ವಾಲುತ್ತೆ. ಹಲಗೆ ಗಟ್ಟಿ ಇರುತ್ತೆ, ಬಣ್ಣವೂ ಇರುತ್ತೆ. ಕಂಬ ಮಾತ್ರ ನೆಲದ ಮಟ್ಟದಲ್ಲಿ ಲಡ್ಡಾಗಿರುತ್ತೆ.

ಮರ ಕೊಳೆಸುವ ಶಿಲೀಂಧ್ರಕ್ಕೆ ನೀರು, ಗಾಳಿ ಎರಡೂ ಬೇಕು. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯಲ್ಲ. ನೆಲ ಮುಟ್ಟುವ ಜಾಗದಲ್ಲಿ ಎರಡೂ ಸದಾ ಸಿಗುತ್ತವೆ. ಗೆದ್ದಲು ಹತ್ತುವುದೂ ಅಲ್ಲಿಂದಲೇ. ಹಾಗಾಗಿ ಏಪ್ರಿಲ್–ಮೇ ತಿಂಗಳಲ್ಲಿ ಪ್ರತಿ ಕಂಬದ ಬುಡದ ಮಣ್ಣು ನಾಲ್ಕು ಬೆರಳು ಬಿಡಿಸಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಕಂಬಕ್ಕೆ ಬಣ್ಣ ಹೊಡೆಯೋದು ದುಡ್ಡು ದಂಡ, ಬದಲಾಯಿಸಿ.

ಹೊಸದಾಗಿ ಹಾಕಿಸುವವರು ಮರದ ಕಂಬದ ಆಸೆ ಬಿಡುವುದೇ ಒಳ್ಳೆಯದು. ಕಲ್ಲುಕಂಬ ಅಥವಾ ಕಬ್ಬಿಣದ ಆಂಗಲ್ ನೆಟ್ಟು, ಹಲಗೆಯನ್ನು ಅದಕ್ಕೆ ಬೋಲ್ಟ್ ಹಾಕಿ ಕೂರಿಸಿ. ಹಲಗೆಯ ಕೆಳತುದಿ ನೆಲದಿಂದ ಎರಡು ಮೂರು ಇಂಚು ಮೇಲಿರಲಿ. ಮರದ ಕಂಬವೇ ಬೇಕು ಅಂದ್ರೆ ಸಾಗುವಾನಿ ಅಥವಾ ಹಲಸಿನ ಚೇಗು ನೋಡಿ ತಗೊಳ್ಳಿ. ಸಾಗುವಾನಿ ಅಂದ ಮಾತ್ರಕ್ಕೆ ಧೈರ್ಯ ಬೇಡ, ಅದರ ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಿಡಲ್ಲ. ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತೆ, ನೆಲದೊಳಗೆ ಬಾಳಲ್ಲ.

ಕಾಂಕ್ರೀಟ್‌ನಲ್ಲಿ ನೆಡುವಾಗ ಒಂದು ತಪ್ಪು ಎಲ್ಲ ಕಡೆ ಕಾಣುತ್ತೆ: ಕಾಂಕ್ರೀಟ್ ನೆಲಕ್ಕಿಂತ ತಗ್ಗಿದ್ದು, ಕಂಬದ ಸುತ್ತ ಬಟ್ಟಲಿನಂತೆ ನೀರು ನಿಲ್ಲೋದು. ಗುಂಡಿಯ ತಳಕ್ಕೆ ಜಲ್ಲಿ ಹಾಕಿಸಿ, ಕಾಂಕ್ರೀಟ್ ನೆಲಕ್ಕಿಂತ ಎತ್ತರ ಬರುವಂತೆ, ಹೊರಗಡೆಗೆ ಇಳಿಜಾರಾಗಿ ಮಾಡಿಸಿ. ಮೇಲ್ತುದಿಯನ್ನೂ ಓರೆಯಾಗಿ ಕೊಯ್ಸಿ, ಇಲ್ಲವೇ ತಗಡಿನ ಟೋಪಿ ಹೊಡೆಸಿ. ಮರ ನೀರು ಹೀರೋದು ಹೆಚ್ಚಾಗಿ ಕೊಯ್ದ ತುದಿಯಿಂದ.

ಬುಡಕ್ಕೆ ಬಳಿಯಲು ನಮ್ಮ ಕಡೆಯ ಹಳೇ ಮದ್ದು ಗೇರೆಣ್ಣೆ. ಗೆದ್ದಲು, ನೀರು ಎರಡನ್ನೂ ತಡೆಯುತ್ತೆ. ಆದರೆ ಚರ್ಮ ಸುಡುತ್ತೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಗ್ಯಾರೇಜಿನ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತೆ ಅಂತ ಬಳಿಯುವವರೂ ಉಂಟು. ಮಳೆಗೆ ಅದು ಮಣ್ಣಿಗಿಳಿಯುತ್ತೆ, ಬಾವಿ ಹತ್ತಿರವಿದ್ದರೆ ಖಂಡಿತ ಬೇಡ.

ಇನ್ನು ಬಣ್ಣ. ಹಸಿ ಮರಕ್ಕೆ ಹೊಡೆದರೆ ಗುಳ್ಳೆ ಏಳುತ್ತೆ. ಮರ ಪೂರ್ತಿ ಒಣಗಿದ ಮೇಲೆ ಪ್ರೈಮರ್ ಕೊಟ್ಟು, ಹೊರಾಂಗಣದ್ದೇ ಅಂತ ಅಂಗಡಿಯಲ್ಲಿ ಕೇಳಿ ತಗೊಳ್ಳಿ. ಒಳಗಿನ ಬಾಗಿಲಿಗೆ ಹೊಡೆಯುವ ವಾರ್ನಿಶ್ ಬಿಸಿಲಿಗೆ ಸೀಳುತ್ತೆ. ಮೊಳೆ ಜಿಐ ಇರಲಿ.

ಮಳೆ ಹಿಡಿದ ಮೇಲೆ ಬಣ್ಣದ ಕೆಲಸ ಬೇಡ. ಬುಡಕ್ಕೆ ಬಿದ್ದ ದರಗು, ಮಣ್ಣು ಎಳೆದು ಹಾಕಿ, ನೀರು ಹರಿದು ಹೋಗಲು ಸಣ್ಣ ಕಾಲುವೆ ಬಿಡಿಸಿದರೆ ಸಾಕು.