ಸಂಜೆಗೆ ಸೋಲುವ ಸ್ನಾಯುಗಳು: ಒಂದು ಅಪರೂಪದ ಕಾಯಿಲೆಯ ಚರಿತ್ರೆ

ಮುಖಗಳನ್ನು ಹತ್ತಿರದಿಂದ ನೋಡುವುದೇ ನಮ್ಮ ವೃತ್ತಿ. ಆದರೂ ಕಣ್ಣೆದುರಿಗಿದ್ದದ್ದು ನಮಗೆ ಕಾಣದೆ ಹೋಗುವುದುಂಟು. ಕೆಲವು ವರ್ಷಗಳ ಹಿಂದೆ ನಮ್ಮ ನಿರೂಪಕಿಯೊಬ್ಬರ ಚಿತ್ರೀಕರಣ ನಡೆದಿತ್ತು. ಬೆಳಿಗ್ಗೆ ಹತ್ತು ಗಂಟೆಯ ಭಾಗದಲ್ಲಿ ಅವರ ಮಾತು ಸ್ಫುಟವಾಗಿತ್ತು. ಸಂಜೆಯ ಭಾಗದಲ್ಲಿ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು, ಮಾತು ಮೂಗಿನಿಂದ ಬರತೊಡಗಿತ್ತು. "ನಿದ್ದೆಗೆಟ್ಟು ಬರಬೇಡಿ ಅಂತ ಎಷ್ಟು ಸಲ ಹೇಳೋದಮ್ಮ?" ಎಂದು ನಾನು ಗದರಿಸಿದೆ. "ಚೆನ್ನಾಗಿಯೇ ಮಲಗಿದ್ದೆ ಸಾರ್" ಎಂದಷ್ಟೇ ಅವರು ಹೇಳಿದರು. ನಾನು ನಂಬಲಿಲ್ಲ. ಮನೆಯಲ್ಲಿಯೂ ಯಾರೂ ನಂಬಿರಲಿಲ್ಲವೆಂದು ಆಮೇಲೆ ತಿಳಿಯಿತು.

ಹಲವು ತಿಂಗಳ ನಂತರ ಆ ದಣಿವಿಗೆ ಒಂದು ಹೆಸರು ದೊರೆಯಿತು: ಮಯಸ್ತೀನಿಯಾ ಗ್ರೇವಿಸ್. ಹತ್ತು ಲಕ್ಷ ಜನರಲ್ಲಿ ಸುಮಾರು 150ರಿಂದ 250 ಮಂದಿಗೆ ಇರಬಹುದಾದ ಕಾಯಿಲೆ. ಹೆಸರು ಕೇಳಿ ಅವರು ಅತ್ತರಂತೆ. "ಹೆದರಿಕೆಗೆ ಅಲ್ಲ ಸಾರ್. ನಾನು ನಾಟಕ ಆಡ್ತಾ ಇರಲಿಲ್ಲ ಅಂತ ಕೊನೆಗೂ ಗೊತ್ತಾಯಿತಲ್ಲ, ಅದಕ್ಕೆ" ಎಂದರು. ಈ ಮಾತೇ ನನ್ನನ್ನು ಈ ಕಾಯಿಲೆಯ ಚರಿತ್ರೆಯತ್ತ ಎಳೆಯಿತು. ಅಲ್ಲಿಯೂ ನಂಬಿಕೆಯದೇ ಪ್ರಶ್ನೆ.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಒಬ್ಬ ಹೆಂಗಸಿನ ಪ್ರಸ್ತಾಪವಿದೆ. ಸ್ವಲ್ಪ ಹೊತ್ತು ಮಾತಾಡಿದರೆ ಆಕೆಯ ನಾಲಿಗೆ ಸೋತುಹೋಗುತ್ತಿತ್ತು. ಗಂಟೆ ಎರಡು ಗಂಟೆ ವಿಶ್ರಾಂತಿಯ ನಂತರವೇ ಮತ್ತೆ ಮಾತು. ವಿಲ್ಲಿಸ್ ಕಂಡದ್ದನ್ನು ಕಂಡಂತೆ ಬರೆದಿಟ್ಟ. ಅನಂತರ ಇನ್ನೂರು ವರ್ಷ ಆ ಪುಟವನ್ನು ಹೆಚ್ಚು ಜನ ಗಮನಿಸಲಿಲ್ಲ.

1877ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಇನ್ನೊಂದು ಪ್ರಕರಣವನ್ನು ವರದಿ ಮಾಡಿದರು. ನಡೆಯಲಾರದ, ನಿಧಾನವಾಗಿ ಮಾತಾಡುತ್ತಿದ್ದ ಹುಡುಗಿಯೊಬ್ಬಳಿಗೆ ಹಿಸ್ಟೀರಿಯಾ ಎಂದು ಭಾವಿಸಲಾಗಿತ್ತು. ಬರಬರುತ್ತ ನುಂಗುವುದು ಕಷ್ಟವಾಯಿತು, ಉಸಿರಾಟ ನಿಂತು ಆಕೆ ತೀರಿಕೊಂಡಳು. ಶವಪರೀಕ್ಷೆಯಲ್ಲಿ ಮಿದುಳಿನ ಆ ಭಾಗವನ್ನು ನೋಡಿದರೆ ಅಲ್ಲಿ ಯಾವ ರೋಗದ ಗುರುತೂ ಇರಲಿಲ್ಲ. ಕಣ್ಣಿಗೆ ಕಾಣುವ ಗಾಯವಿಲ್ಲದಿದ್ದರೂ ಮನುಷ್ಯ ಸಾಯಬಹುದು ಎಂಬುದನ್ನು ವೈದ್ಯಲೋಕ ಹೀಗೆ ದುಬಾರಿ ಬೆಲೆ ತೆತ್ತು ಕಲಿಯಿತು. ಜರ್ಮನಿಯ ಎರ್ಬ್, ವಾರ್ಸಾದ ಗೋಲ್ಡ್‌ಫ್ಲಾಮ್ ಇಂಥ ರೋಗಿಗಳ ವಿವರಗಳನ್ನು ಕೂಡಿಸಿದರು. 1895ರಲ್ಲಿ ಬರ್ಲಿನ್ನಿನ ಯೋಲಿ, ಸ್ನಾಯುವಿಗೆ ಮತ್ತೆ ಮತ್ತೆ ವಿದ್ಯುತ್ ಹಾಯಿಸಿದಾಗ ಅದು ಸೋಲುವುದನ್ನು ತೋರಿಸಿ, 'ಮಯಸ್ತೀನಿಯಾ ಗ್ರೇವಿಸ್' ಎಂಬ ಹೆಸರನ್ನು ಬಳಕೆಗೆ ತಂದರು. 'ಸ್ನಾಯುಗಳ ತೀವ್ರ ದುರ್ಬಲತೆ' ಎಂದು ಅದರ ಅರ್ಥ.

ಹೆಸರು ಬಂತು, ಔಷಧ ಬರಲಿಲ್ಲ. ಅದನ್ನು ತಂದವರು ಪ್ರಸಿದ್ಧ ಪ್ರಾಧ್ಯಾಪಕರಲ್ಲ. ಗ್ರೀನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಮೇರಿ ವಾಕರ್ ಎಂಬ ವೈದ್ಯೆ. ಈ ರೋಗಿಗಳ ಸ್ಥಿತಿಗೂ, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುವ ಕ್ಯುರಾರೆ ವಿಷ ತಾಗಿದವರ ಸ್ಥಿತಿಗೂ ಹೋಲಿಕೆಯಿದೆ ಎಂಬುದು ಅವರ ಗಮನಕ್ಕೆ ಬಂತು. ಹಾಗಿದ್ದರೆ ಕ್ಯುರಾರೆಗೆ ಪ್ರತಿಮದ್ದಾದದ್ದು ಇದಕ್ಕೂ ಏಕಾಗಬಾರದು? ಪಶ್ಚಿಮ ಆಫ್ರಿಕದ ಕಲಬಾರ್ ಹುರುಳಿಯಿಂದ ತೆಗೆದ ಫೈಸೋಸ್ಟಿಗ್ಮೀನ್ ಚುಚ್ಚುಮದ್ದನ್ನು 1934ರಲ್ಲಿ ಒಬ್ಬ ರೋಗಿಗೆ ಕೊಟ್ಟರು. ಒಂದು ಗಂಟೆಯೊಳಗೆ ಇಳಿದಿದ್ದ ರೆಪ್ಪೆ ಮೇಲೆದ್ದಿತು, ತೋಳಿಗೆ ಬಲ ಬಂತು, ನುಂಗುವುದು ಸುಲಭವಾಯಿತು. ಕೆಲವೇ ಗಂಟೆಗಳ ಸುಖ, ನಿಜ. ಆದರೆ ಸೋತ ಸ್ನಾಯು ಸತ್ತಿಲ್ಲ, ಅದಕ್ಕೆ ಸಂದೇಶ ಸರಿಯಾಗಿ ತಲುಪುತ್ತಿಲ್ಲ ಎಂಬ ಸುಳಿವು ಅದರಲ್ಲಿತ್ತು.

ಸಂದೇಶ ತಲುಪದಿರಲು ಕಾರಣವೇನು? ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಒಂದು ಕೀಲಿಕೈ ಇದ್ದಂತೆ. ಸ್ನಾಯುವಿನ ಮೇಲಿರುವ ಗ್ರಾಹಕಗಳು ಬೀಗಗಳು. ನಾಗರಹಾವು ಕಚ್ಚಿದವರ ರೆಪ್ಪೆ ಇಳಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಬಲ್ಲವರಿದ್ದಾರೆ. ಅಲ್ಲಿ ಹಾವಿನ ವಿಷ ಈ ಬೀಗಗಳನ್ನೇ ಮುಚ್ಚಿರುತ್ತದೆ. 1960ರಲ್ಲಿ ಸ್ಕಾಟ್ಲೆಂಡಿನ ಜಾನ್ ಸಿಂಪ್ಸನ್, ಈ ಕಾಯಿಲೆಯಲ್ಲಿ ಬೀಗಕ್ಕೆ ಅಡ್ಡಬರುವುದು ದೇಹದ್ದೇ ರಕ್ಷಣಾ ಪಡೆಯಿರಬೇಕು ಎಂದು ಊಹಿಸಿದರು. ಆ ಊಹೆಗೆ ಪುರಾವೆ ಸಿಗಲು ಹಾವಿನ ವಿಷವೇ ನೆರವಾಯಿತು. ತೈವಾನಿನ ಕ್ರೇಟ್ ಹಾವಿನಿಂದ ಚಾಂಗ್ ಮತ್ತು ಲೀ ಬೇರ್ಪಡಿಸಿದ್ದ ವಿಷಾಂಶ ಈ ಗ್ರಾಹಕಗಳಿಗೆ ಬಿಗಿಯಾಗಿ ಅಂಟುತ್ತದೆ. ಅದನ್ನು ಬಳಸಿ ಎಣಿಸಿದಾಗ ರೋಗಿಗಳ ಸ್ನಾಯುಗಳಲ್ಲಿ ಗ್ರಾಹಕಗಳು ಬಹಳ ಕಡಿಮೆಯಾಗಿರುವುದು 1973ರಲ್ಲಿ ಕಂಡಿತು. ಅದೇ ವರ್ಷ ಅಮೆರಿಕದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್, ವಿದ್ಯುತ್ ಈಲ್ ಮೀನಿನ ಗ್ರಾಹಕಗಳನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳ ದೇಹ ಪ್ರತಿಕಾಯಗಳನ್ನು ತಯಾರಿಸಿತು, ಅವೂ ನಿತ್ರಾಣಗೊಂಡವು. 1976ರ ವೇಳೆಗೆ ರೋಗಿಗಳ ರಕ್ತದಲ್ಲಿ ಆ ಪ್ರತಿಕಾಯಗಳನ್ನು ಪತ್ತೆ ಮಾಡುವ ಪರೀಕ್ಷೆ ಬಂತು. ನೂರಕ್ಕೆ 87ರಷ್ಟು ಮಂದಿಯಲ್ಲಿ ಅವು ಸಿಕ್ಕವು. ಹಿಸ್ಟೀರಿಯಾ ಎನ್ನಿಸಿಕೊಂಡಿದ್ದಕ್ಕೆ ಈಗ ಗಾಜಿನ ನಳಿಕೆಯಲ್ಲಿ ಸಾಕ್ಷಿ ದೊರೆತಂತಾಯಿತು.

ಇಂದು ಮಾತ್ರೆಗಳಿವೆ, ರೋಗನಿರೋಧಕ ಶಕ್ತಿಯ ಅತಿರೇಕವನ್ನು ತಗ್ಗಿಸುವ ಔಷಧಗಳಿವೆ. ಎದೆಗೂಡಿನ ಥೈಮಸ್ ಗ್ರಂಥಿಯನ್ನು ತೆಗೆಯುವುದರಿಂದ ಅನೇಕರಿಗೆ ಪ್ರಯೋಜನವಾಗುತ್ತದೆಂಬುದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಿಂದ ದೃಢಪಟ್ಟಿದೆ. ಸರಿಯಾದ ಚಿಕಿತ್ಸೆಯಿದ್ದರೆ ಬಹುಪಾಲು ಜನ ನೌಕರಿ, ಸಂಸಾರ ಎರಡನ್ನೂ ನಿಭಾಯಿಸಬಲ್ಲರು. ನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಈ ಕಾಯಿಲೆ ಪತ್ತೆಯಾಯಿತು. ಅವರು ಅನಂತರವೂ ದಶಕಗಳ ಕಾಲ ನಟಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಹೊಸದಾಗಿ ಈ ಹೆಸರು ಕೇಳಿದವರು ಕೆಲವನ್ನು ನೆನಪಿಡಬೇಕು. ಕೆಲವು ಆ್ಯಂಟಿಬಯಾಟಿಕ್‌ಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು ದುರ್ಬಲತೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಮೊದಲು ಕಾಯಿಲೆಯ ಹೆಸರು ಹೇಳಿ. ಚೀಟಿಯಲ್ಲಿ ಬರೆದು ಕೈಚೀಲದಲ್ಲಿ ಇಟ್ಟುಕೊಳ್ಳಿ. ನಡೆಯುತ್ತಿರುವ ಔಷಧವನ್ನು ನೀವೇ ನಿಲ್ಲಿಸಬೇಡಿ. ಉಸಿರಾಡಲು, ನುಂಗಲು ಕಷ್ಟವಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಮನೆಯವರಿಗೆ ಹೇಳಬೇಕಾದದ್ದು ಒಂದೇ ಮಾತು. ಬೆಳಿಗ್ಗೆ ರೊಟ್ಟಿ ತಟ್ಟಿದ ಕೈ ಸಂಜೆ ಜಡೆ ಹೆಣೆಯಲಾರದಿದ್ದರೆ, ಎರಡೂ ನಿಜವೆಂದು ನಂಬಿ.

ನಮ್ಮ ನಿರೂಪಕಿ ವೈದ್ಯರ ಬಳಿಗೆ ಹೋಗುವಾಗ ಅಂದಿನ ಎರಡೂ ಟೇಪುಗಳ ಪ್ರತಿ ಕೇಳಿ ಪಡೆದಿದ್ದರು. ಬೆಳಗಿನ ಮುಖ, ಸಂಜೆಯ ಮುಖ ಎರಡನ್ನೂ ಅಕ್ಕಪಕ್ಕದಲ್ಲಿ ನೋಡಿದಾಗ ವೈದ್ಯರಿಗೆ ಅನುಮಾನ ಬಲವಾಯಿತಂತೆ. ನಾನು ಗದರಿಸಿದ್ದ ಆ ಸಂಜೆಯ ಭಾಗವೇ ಅವರಿಗೆ ಉಪಕಾರಕ್ಕೆ ಬಂತು. ಅವರು ಕೆಲಸಕ್ಕೆ ಮರಳಿದ್ದಾರೆ. ಅವರ ಚಿತ್ರೀಕರಣವನ್ನು ಈಗ ಬೆಳಗಿನ ಮೊದಲ ಪಾಳಿಗೇ ಇಟ್ಟುಕೊಳ್ಳುತ್ತೇವೆ.