ಸಿಜೇರಿಯನ್ ದಿನ: ಎಚ್ಚರ ತಪ್ಪಿಸ್ತಾರೇನ್ರಿ?

ಯಾದಗಿರಿ, ಶಹಾಪುರ, ಸುರಪುರದ ಕಡೆ ಸಿಜೇರಿಯನ್‌ಗೆ ದಿನ ಗೊತ್ತಾದರೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಈ ಭಯ ಹಳೆಯದು. ನಮ್ಮ ಊರುಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ ಡಾ. ಎಡ್ವರ್ಡ್ ಲಾರಿ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗ ನಡೆಸಿದರು. ಕ್ಲೋರೋಫಾರ್ಮ್‌ನಿಂದ ಮೊದಲು ನಿಲ್ಲುವುದು ಉಸಿರೇ, ಹೃದಯವಲ್ಲ ಎಂಬುದು ಅವರ ವಾದ. ಹೃದಯಕ್ಕೂ ಅಪಾಯವಿದೆಯೆಂದು ಮುಂದೆ ಗೊತ್ತಾಯಿತು.

1882ರಲ್ಲಿ ಜರ್ಮನಿಯ ಸೆಂಗರ್ ಗರ್ಭಕೋಶ ಹೊಲಿಯುವ ಸರಿಯಾದ ಕ್ರಮ ಹೇಳಿಕೊಟ್ಟ. ಅದಕ್ಕೂ ಮುಂಚೆ ಹೆಚ್ಚಿನ ತಾಯಂದಿರು ಬದುಕುತ್ತಿರಲಿಲ್ಲ. 1898ರಲ್ಲಿ ಬಿಯರ್ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ.

ಹಾಗಾಗಿ ಇಂದು ಸಾಮಾನ್ಯವಾಗಿ ಎದೆಯ ಕೆಳಗಷ್ಟೇ ಮರಗಟ್ಟುತ್ತದೆ. ಜಗ್ಗಿದಂತಾಗುತ್ತದೆ, ನೋವಿರುವುದಿಲ್ಲ. ಕೂಸಿನ ಮೊದಲ ಅಳು ತಾಯಿಯೇ ಕೇಳುತ್ತಾಳೆ. ಡಾಕ್ಟರು ಉಪವಾಸ ಹೇಳಿದ್ದರೆ ಮಾತ್ರ ಕದ್ದು ಚಹಾ ಕುಡಿಸಬೇಡ್ರಿ; ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.