ಸಭೆಯು ವಸ್ತುವಾದ ಕಥೆ

ಭಾಷಾಂತರದ ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಕಾಡುವುದು ದೊಡ್ಡ ದೊಡ್ಡ ಪದಗಳೇ ಎಂದು ಹೊರಗಿನವರು ತಿಳಿದಿರಬಹುದು. ನನ್ನ ಅನುಭವ ಬೇರೆ. ದೊಡ್ಡ ಪದಗಳಿಗೆ ನಿಘಂಟು ಇದೆ, ಸಂಸ್ಕೃತವಿದೆ. ಹೇಗೋ ದಡ ಸೇರಬಹುದು. ತೊಡಕು ಬರುವುದು ಚಿಕ್ಕ ಪದಗಳಲ್ಲಿ. ಈಚೆಗೆ ಒಬ್ಬ ಹುಡುಗ ಎದ್ದು ನಿಂತು, “ಇಂಗ್ಲಿಷಿನ ‘ಥಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು, ಸಾರ್?” ಎಂದು ಕೇಳಿದ. “ವಸ್ತು” ಎಂದೆ. ಅವನು ಬಿಡಲಿಲ್ಲ. “ನಿಮಗೊಂದು ಮಾತು ಹೇಳಬೇಕು ಎನ್ನುವಲ್ಲಿಯೂ ಅವರು ಅದನ್ನೇ ಹಾಕುತ್ತಾರೆ. ‘ಅಯ್ಯೋ ಪಾಪ’ ಎಂದು ಮಗುವನ್ನು ಕುರಿತು ಮರುಗುವಾಗಲೂ ಅದೇ. ಎಲ್ಲ ಕಡೆಯೂ ವಸ್ತು ಎಂದರೆ ಆಗುತ್ತದೆಯೆ?” ಆಗುವುದಿಲ್ಲವೆಂದು ಒಪ್ಪಿಕೊಂಡು, ಗಂಟೆ ಹೊಡೆದದ್ದರಿಂದ ಮಾನ ಉಳಿಸಿಕೊಂಡು ಹೊರಗೆ ಬಂದೆ.

ಅಂದು ಸಂಜೆ ಇಂಗ್ಲಿಷಿನ ದೊಡ್ಡ ನಿಘಂಟನ್ನು ತೆರೆದು ನೋಡಿದರೆ ಆಶ್ಚರ್ಯ ಕಾದಿತ್ತು. ಆ ಪದಕ್ಕೆ ಅಲ್ಲಿ ಕೊಟ್ಟಿರುವ ಅತ್ಯಂತ ಹಳೆಯ ಅರ್ಥ ವಸ್ತುವೂ ಅಲ್ಲ, ವಿಷಯವೂ ಅಲ್ಲ. ಸಭೆ! ನ್ಯಾಯ ತೀರಿಸಲು, ಕಟ್ಟಳೆ ಮಾಡಲು ಜನ ಕೂಡುವ ಸಭೆ.

ಇದು ಇಂಗ್ಲಿಷೊಂದರ ಮಾತಲ್ಲ. ಪ್ರಾಚೀನ ನಾರ್ಸ್, ಪ್ರಾಚೀನ ಜರ್ಮನ್, ಫ್ರಿಸಿಯನ್, ಸ್ಯಾಕ್ಸನ್ ಎಂಬ ಅದರ ದಾಯಾದಿ ಭಾಷೆಗಳಲ್ಲೆಲ್ಲ ಪದವೂ ಇದೆ, ಸಭೆ ಎಂಬ ಅರ್ಥವೂ ಇದೆ. ಉಚ್ಚಾರಣೆ ಮಾತ್ರ ಅಷ್ಟಿಷ್ಟು ಬೇರೆ: ಇಂಗ್ಲಿಷರೂ ಐಸ್‌ಲೆಂಡಿನವರೂ ಹಳೆಯ ‘ಥ’ಕಾರವನ್ನು ಉಳಿಸಿಕೊಂಡರು, ಜರ್ಮನರು, ಡಚ್ಚರು ‘ಡಿಂಗ್’ ಎಂದರು, ನಾರ್ವೆ, ಸ್ವೀಡನ್, ಡೆನ್ಮಾರ್ಕುಗಳವರು ‘ಟಿಂಗ್’ ಎಂದರು. ಇಂಗ್ಲೆಂಡಿನ ಕೆಂಟ್ ರಾಜ್ಯದಲ್ಲಿ ಏಳನೆಯ ಶತಮಾನದ ಕೊನೆಗೆ ಹೊರಟ ಒಂದು ಕಟ್ಟಳೆಯಲ್ಲಿ, ಒಬ್ಬನ ಮೇಲೆ ಇನ್ನೊಬ್ಬನು ‘ಥಿಂಗ್’ನಲ್ಲಿ ಆಪಾದನೆ ತಂದರೆ ಆಪಾದಿತನು ಜಾಮೀನು ಕೊಡಬೇಕು ಎಂದು ವಿಧಿಸಿದೆ. ಅಲ್ಲಿ ‘ವಸ್ತುವಿನಲ್ಲಿ’ ಎಂದು ಅನುವಾದ ಮಾಡಿದರೆ ನಗೆಗೇಡು.

ಸಭೆಗೂ ಹಿಂದೆ ಈ ಪದಕ್ಕೆ ಏನರ್ಥವಿತ್ತು? ಗೋಥಿಕ್ ಭಾಷೆಯಲ್ಲಿ ಇದಕ್ಕೆ ಹತ್ತಿರದ ನಂಟಾದ ಒಂದು ಪದವಿದೆ. ಅದಕ್ಕೆ ಕಾಲ, ಸಮಯ ಎಂದು ಅರ್ಥ. ಆದ್ದರಿಂದ ಮೊದಲು ಗೊತ್ತುಮಾಡಿದ ದಿನ, ಅನಂತರ ಆ ದಿನ ಕೂಡುವ ಸಭೆ, ಆಮೇಲೆ ಆ ಸಭೆಯ ಮುಂದೆ ಬಂದ ವ್ಯಾಜ್ಯ, ಆಮೇಲೆ ಯಾವುದೇ ವಿಷಯ, ಕೊನೆಗೆ ಕೈಗೆ ಸಿಕ್ಕುವ ಯಾವುದೇ ಪದಾರ್ಥ, ಹೀಗೆ ಅರ್ಥ ಇಳಿದು ಬಂದಿತೆಂದು ಪಂಡಿತರು ಊಹಿಸುತ್ತಾರೆ. ಊಹೆ ಎಂದು ತಳ್ಳಿಹಾಕುವಂತಿಲ್ಲ. ರೋಮಿನ ಇತಿಹಾಸಕಾರ ಟಾಸಿಟಸನು ಕ್ರಿ. ಶ. ೯೮ರಲ್ಲಿ ಜರ್ಮಾನಿಕ್ ಜನಗಳನ್ನು ಕುರಿತು ಬರೆದ ಗ್ರಂಥದಲ್ಲಿ ಅವರ ಸಭೆಯ ವರ್ಣನೆ ಇದೆ. ಅಮಾವಾಸ್ಯೆಗೋ ಹುಣ್ಣಿಮೆಗೋ ಸಭೆ ಗೊತ್ತಾಗುತ್ತಿತ್ತು. ಜನ ಆಯುಧ ಹಿಡಿದೇ ಬಂದು ಕೂರುತ್ತಿದ್ದರು. ಪುರೋಹಿತರು ‘ಸದ್ದು’ ಎಂದು ಸುಮ್ಮನಿರಿಸುತ್ತಿದ್ದರು. ಮಾತು ಹಿಡಿಸದಿದ್ದರೆ ಗೊಣಗಾಟ, ಹಿಡಿಸಿದರೆ ಈಟಿಗಳ ಝಣತ್ಕಾರ. ರಾಜನಾದವನೂ ಅಲ್ಲಿ ಒಪ್ಪಿಸಿ ಮಾತನಾಡಬೇಕೇ ಹೊರತು ಅಪ್ಪಣೆ ಮಾಡುವಂತಿರಲಿಲ್ಲ. ಗೊತ್ತಾದ ದಿನಕ್ಕೆ ಎಲ್ಲರೂ ಬಂದು ಸೇರದೆ ಎರಡು ಮೂರು ದಿನಗಳು ವ್ಯರ್ಥವಾಗುತ್ತಿದ್ದುವೆಂದು ಟಾಸಿಟಸ್ ಗೊಣಗುತ್ತಾನೆ. ಸಭೆಗೆ ಹೊತ್ತಿಗೆ ಸರಿಯಾಗಿ ಬಾರದಿರುವ ಕಲೆ ನಮ್ಮೊಬ್ಬರ ಸ್ವತ್ತಲ್ಲವೆಂದು ಇದನ್ನೋದಿ ನನಗೆ ಕೊಂಚ ಸಮಾಧಾನವಾಯಿತು.

ವ್ಯಾಜ್ಯವೇ ವಸ್ತುವಾಗುವುದು ವಿಚಿತ್ರವೆಂದು ತೋರಬಹುದು. ಆದರೆ ಅದು ಒಂದೇ ಸಲ ನಡೆದ ಪವಾಡವಲ್ಲ. ಲ್ಯಾಟಿನ್ನಿನ ‘ಕೌಸ’ ಎಂದರೆ ಮೊಕದ್ದಮೆ, ಕಾರಣ. ಅದರಿಂದಲೇ ಇಟಲಿಯವರ ‘ಕೋಸ’, ಫ್ರೆಂಚರ ‘ಷೋಸ್’ ಬಂದುವು. ಎರಡಕ್ಕೂ ಇಂದು ವಸ್ತು ಎಂಬ ಅರ್ಥ. ಜರ್ಮನರ ‘ಜಾಖೆ’ ಎಂಬ ಪದವೂ ಜಗಳ, ದಾವೆ ಎಂಬಲ್ಲಿಂದ ಹೊರಟು ಇದೇ ದಾರಿ ಹಿಡಿಯಿತು. ಅಂದರೆ ಆ ಜನಕ್ಕೆ ಮೊದಲು ‘ವಿಷಯ’ ಎನಿಸಿದ್ದು ಕಣ್ಣಿಗೆ ಕಾಣುವ ಕಲ್ಲು ಮರಗಳಲ್ಲ; ಯಾವುದರ ಮೇಲೆ ನಾಲ್ವರು ಕೂಡಿ ವಾದಿಸುತ್ತಾರೋ ಅದು. ನಮ್ಮ ‘ಸಂಗತಿ’ಯನ್ನೇ ನೋಡಿ. ಸಂಸ್ಕೃತದಲ್ಲಿ ಅದು ಒಟ್ಟಿಗೆ ಕೂಡುವುದು, ಕನ್ನಡದಲ್ಲಿ “ಏನು ಸಂಗತಿ?” ಎಂದರೆ ಯಾರೂ ಕೂಡಬೇಕಾಗಿಲ್ಲ.

ಪದ ಹೀಗೆ ಸವೆಯುತ್ತಿದ್ದಾಗಲೂ ಒಂದು ದೇಶದಲ್ಲಿ ಅದರ ಮೂಲಾರ್ಥ ಮಾಸಲಿಲ್ಲ. ಅಟ್ಲಾಂಟಿಕ್ ಸಾಗರದ ಉತ್ತರದ ಐಸ್‌ಲೆಂಡ್ ದ್ವೀಪದಲ್ಲಿ ನಾರ್ವೆಯ ಕಡೆಯಿಂದ ಬಂದು ನೆಲಸಿದವರು ೯೩೦ರ ಸುಮಾರಿಗೆ ಇಡೀ ನಾಡಿಗೆ ಒಂದೇ ಸಭೆಯನ್ನು ಏರ್ಪಡಿಸಿಕೊಂಡರು. ಅದರ ಹೆಸರು ‘ಆಲ್‌ಥಿಂಗ್’, ಎಲ್ಲರ ಸಭೆ. ಅದು ಸೇರುತ್ತಿದ್ದ ಬಯಲಿಗೆ ‘ಥಿಂಗ್‌ವೆಲ್ಲಿರ್’, ಸಭೆಯ ಬಯಲು, ಎಂದು ಹೆಸರು. ಭೂಮಿ ಬಿರಿದು ನಿಂತ ಕರಿಯ ಬಂಡೆಗಳ ಸಾಲು, ಅದರ ಮುಂದೆ ಹುಲ್ಲುಗಾವಲು, ಹೊಳೆ, ಸರೋವರ. ಬೇಸಿಗೆಯಲ್ಲಿ ಎರಡು ವಾರಗಳ ಕಾಲ ಜನ ಕುದುರೆಯೇರಿ ಬಂದು ಅಲ್ಲಿ ಬಿಡಾರ ಹೂಡುತ್ತಿದ್ದರು. ರಾಜನಿಲ್ಲ. ಬರೆದಿಟ್ಟ ಕಾನೂನಿಲ್ಲ. ಕಟ್ಟಳೆ ಹೇಳುವವನೆಂಬ ಒಬ್ಬ ಅಧಿಕಾರಿ ‘ಕಟ್ಟಳೆಯ ಬಂಡೆ’ಯ ಮೇಲೆ ನಿಂತು ವರ್ಷಕ್ಕೆ ಮೂರರಲ್ಲೊಂದು ಪಾಲಿನಂತೆ, ಮೂರು ವರ್ಷಗಳಲ್ಲಿ ನಾಡಿನ ಕಟ್ಟಳೆಗಳನ್ನೆಲ್ಲ ಬಾಯಿಪಾಠದಿಂದ ಹೇಳಿ ಮುಗಿಸಬೇಕು. ೧೧೧೭ರ ಚಳಿಗಾಲದಲ್ಲಿ ಕಟ್ಟಳೆಗಳನ್ನು ಬರೆದಿಡತೊಡಗುವವರೆಗೆ ಇದೇ ಕ್ರಮ.

ಈ ಸಭೆಯ ದೊಡ್ಡ ಪರೀಕ್ಷೆ ನಡೆದದ್ದು ಸುಮಾರು ೧೦೦೦ದಲ್ಲಿ. ನಾಡು ಹಳೆಯ ದೇವತೆಗಳನ್ನು ನಂಬಿದವರು, ಕ್ರೈಸ್ತರು ಎಂದು ಎರಡು ಪಾಲಾಗಿ ಕತ್ತಿ ಹಿರಿಯುವ ಹಂತ ತಲಪಿತ್ತು. ತೀರ್ಪನ್ನು ಥೋರ್ಗೈರ್ ಎಂಬ ಕಟ್ಟಳೆ ಹೇಳುವವನಿಗೆ ಒಪ್ಪಿಸಿದರು. ಅವನು ಹಳೆಯ ಮತದವನೇ. ಬಿಡಾರಕ್ಕೆ ಹೋಗಿ, ಮುಸುಕೆಳೆದುಕೊಂಡು, ಒಂದು ಹಗಲು ಒಂದು ರಾತ್ರಿ ಮಾತಿಲ್ಲದೆ ಮಲಗಿದ್ದ. ಎದ್ದು ಬಂದು, ನಾಡಿಗೆಲ್ಲ ಒಂದೇ ಕಟ್ಟಳೆ ಇರಬೇಕು, ಕಟ್ಟಳೆ ಒಡೆದರೆ ಶಾಂತಿಯೂ ಒಡೆಯುತ್ತದೆ ಎಂದು ಹೇಳಿ, ಎಲ್ಲರೂ ಕ್ರೈಸ್ತರಾಗತಕ್ಕದ್ದೆಂದು ತೀರ್ಪಿತ್ತ. ಗುಟ್ಟಾಗಿ ಹಳೆಯ ಪೂಜೆ ಮಾಡಿದರೆ ಕಾಣದಂತಿರಬಹುದು, ಕುದುರೆಯ ಮಾಂಸ ತಿನ್ನಬಹುದು ಎಂಬ ಸಡಿಲಿಕೆಯೂ ಅದರಲ್ಲಿತ್ತು. ಎರಡು ಪಕ್ಷದವರೂ ಒಪ್ಪಿ ಮನೆಗೆ ಹೋದರು. ಈ ವೃತ್ತಾಂತವನ್ನು ಬರೆದಿಟ್ಟವನು ಮುಂದಿನ ಶತಮಾನದ ಆರಿ ಎಂಬ ಪಾದ್ರಿ. ತನ್ನ ಮತ ಗೆದ್ದ ಕಥೆಯನ್ನು ಅಂದಗೊಳಿಸಿದ್ದಾನೆಂದೇ ಇಟ್ಟುಕೊಳ್ಳೋಣ. ರಕ್ತ ಹರಿಯದೆ ಮತಾಂತರ ಸಭೆಯಲ್ಲಿ ತೀರ್ಮಾನವಾಯಿತೆಂಬುದು ಮಾತ್ರ ನಿಲ್ಲುತ್ತದೆ.

ಹಾಗೆಂದು ಆ ಬಯಲನ್ನು ಸತ್ಯಯುಗದ ಚಿತ್ರವಾಗಿ ಕಾಣಬೇಕಾಗಿಲ್ಲ. ಸಭೆಯ ತೀರ್ಪನ್ನು ಜಾರಿಗೆ ತರುವವರು ಯಾರೂ ಇರಲಿಲ್ಲ. ಗೆದ್ದವನು ತನ್ನ ತೋಳ್ಬಲದಿಂದಲೇ ಅದನ್ನು ನಡೆಸಿಕೊಳ್ಳಬೇಕಾಗಿತ್ತು. ೧೨೬೨ರಲ್ಲಿ ಒಳಜಗಳಗಳಿಂದ ಬಸವಳಿದ ನಾಡು ನಾರ್ವೆಯ ರಾಜನಿಗೆ ಕಪ್ಪ ಕೊಡಲು ಒಪ್ಪಿತು. ಅದೇ ಬಯಲಿನ ಹೊಳೆಯ ಒಂದು ಮಡುವಿನಲ್ಲಿ, ಮುಂದಿನ ಕಾಲದಲ್ಲಿ, ಶೀಲಗೆಟ್ಟವರೆಂದು ಹಲವು ಹೆಂಗಸರನ್ನು ಮುಳುಗಿಸಿ ಕೊಂದರು. ‘ಎಲ್ಲರ ಸಭೆ’ಯ ಎಲ್ಲರಲ್ಲಿ ಅವರು ಸೇರಿರಲಿಲ್ಲ. ೧೮೦೦ರಲ್ಲಿ ಡೆನ್ಮಾರ್ಕಿನ ದೊರೆ ಸಭೆಯನ್ನೇ ರದ್ದುಮಾಡಿದ. ೧೮೪೫ರಲ್ಲಿ ರೇಕ್ಯಾವಿಕ್ ನಗರದಲ್ಲಿ ಅದು ಮತ್ತೆ ಸೇರಿತು. ೧೯೪೪ರ ಜೂನ್ ೧೭ರಂದು ಐಸ್‌ಲೆಂಡು ಗಣರಾಜ್ಯವೆಂದು ಸಾರಲು ಜನ ಹೋದದ್ದು ಮಾತ್ರ ಹಳೆಯ ಬಯಲಿಗೇ.

ನಾರ್ಸ್ ಜನ ಹಡಗೇರಿ ಹೋದಲ್ಲೆಲ್ಲ ಪದವೂ ಹೋಯಿತು. ಸ್ಕಾಟ್ಲೆಂಡಿನ ಡಿಂಗ್‌ವಾಲ್, ಷೆಟ್ಲೆಂಡಿನ ಟಿಂಗ್‌ವಾಲ್, ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಥಿಂಗ್‌ವಾಲ್ ಎಲ್ಲವೂ ಸಭೆಯ ಬಯಲುಗಳೇ. ಮ್ಯಾನ್ ದ್ವೀಪದ ‘ಟಿನ್‌ವಾಲ್ಡ್’ ಇಂದಿಗೂ ಶಾಸನಸಭೆ. ಜುಲೈ ತಿಂಗಳ ಆರಂಭದಲ್ಲಿ ಅದು ಮೆಟ್ಟಿಲು ಮೆಟ್ಟಿಲಾದ ಒಂದು ಮಣ್ಣಿನ ದಿಬ್ಬದ ಮೇಲೆ ಸೇರಿ ಹೊಸ ಕಾನೂನುಗಳನ್ನು ಇಂಗ್ಲಿಷಿನಲ್ಲಿಯೂ ಮ್ಯಾಂಕ್ಸ್ ಭಾಷೆಯಲ್ಲಿಯೂ ಸಾರುತ್ತದೆ. ಮ್ಯಾಂಕ್ಸನ್ನು ಹುಟ್ಟುನುಡಿಯಾಗಿ ಆಡುತ್ತಿದ್ದವರಲ್ಲಿ ಕೊನೆಯವನು ೧೯೭೪ರಲ್ಲಿ ತೀರಿಕೊಂಡ, ಸಾರುವುದು ನಿಂತಿಲ್ಲ.

ಜರ್ಮನರ ಮಂಗಳವಾರದಲ್ಲಿಯೂ ಈ ಪದ ಅಡಗಿದೆ. ಇಂಗ್ಲಿಷರು ಆ ವಾರಕ್ಕೆ ಟಿವ್ ಎಂಬ ಯುದ್ಧದೇವತೆಯ ಹೆಸರಿಟ್ಟರೆ, ಜರ್ಮನರು ‘ಡೀನ್ಸ್‌ಟಾಗ್’, ಡಚ್ಚರು ‘ಡಿನ್ಸ್‌ಡಾಖ್’ ಎನ್ನುತ್ತಾರೆ. ಇದರ ಕೀಲಿ ದೊರೆತದ್ದು ಬ್ರಿಟನ್ನಿನಲ್ಲಿ. ರೋಮನರು ಕಟ್ಟಿದ ಹೇಡ್ರಿಯನ್ನನ ಗೋಡೆಯ ಬಳಿ ೧೮೮೩ರಲ್ಲಿ ಅಗೆದಾಗ, ರೋಮಿನ ಪಡೆಯಲ್ಲಿದ್ದ ಫ್ರಿಸಿಯನ್ ಸೈನಿಕರು ಮೂರನೆಯ ಶತಮಾನದಲ್ಲಿ ನಿಲ್ಲಿಸಿದ ಬಲಿಪೀಠಗಳು ಸಿಕ್ಕಿದುವು. ಅವುಗಳ ಮೇಲೆ ‘ಮಾರ್ಸ್ ಥಿಂಕ್ಸಸ್’ ದೇವರಿಗೆ ಎಂದು ಕೆತ್ತಿದೆ: ಸಭೆಯ ಮಂಗಳ! ಯುದ್ಧದ ದೇವರನ್ನೇ ನ್ಯಾಯಸಭೆಯ ದೇವರನ್ನಾಗಿ ಕೂರಿಸಿದ್ದರೆಂದು ವಿದ್ವಾಂಸರ ಮತ. ಆಯುಧ ಹಿಡಿದು ಸಭೆಗೆ ಬರುತ್ತಿದ್ದವರಿಗೆ ಇದರಲ್ಲಿ ವಿರೋಧ ಕಂಡಿರಲಾರದು.

ನಮ್ಮ ಇಂಗ್ಲಿಷ್ ದಿನಪತ್ರಿಕೆಗಳು ಚುನಾವಣೆ ಬಂತೆಂದರೆ ‘ಹಸ್ಟಿಂಗ್ಸ್’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತವೆ. (ವಾರನ್ ಹೇಸ್ಟಿಂಗ್ಸನಿಗೂ ಇದಕ್ಕೂ ನಂಟಿಲ್ಲ.) ಅದು ನಾರ್ಸಿನ ‘ಹೂಸ್‌ಥಿಂಗ್’, ಮನೆಯ ಸಭೆ, ಎಂದರೆ ನಾಯಕನು ತನ್ನ ಆಳುಗಳೊಂದಿಗೆ ನಡೆಸುವ ಸಭೆ. ಇಂಗ್ಲಿಷಿಗೆ ಅದು ಬಂದ ರೀತಿ ಭಯಂಕರ. ೧೦೧೨ರಲ್ಲಿ ಡೇನರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನನ್ನು ಸೆರೆಹಿಡಿದು, ಬಿಡುಗಡೆಯ ಹಣ ಬಾರದಿರಲು, ಕುಡಿದ ಅಮಲಿನಲ್ಲಿ ತಮ್ಮ ‘ಹಸ್ಟಿಂಗ್’ಗೆ ಎಳೆತಂದು ಎತ್ತಿನ ಎಲುಬುಗಳಿಂದ ಹೊಡೆದು ಕೊಂದರೆಂದು ಅಂದಿನ ಇಂಗ್ಲಿಷ್ ವೃತ್ತಾಂತದಲ್ಲಿ ಬರೆದಿದೆ. ಮುಂದೆ ಅದು ಲಂಡನ್ನಿನ ಒಂದು ನ್ಯಾಯಸ್ಥಾನದ ಹೆಸರಾಯಿತು; ಆ ನ್ಯಾಯಾಧೀಶರು ಕೂರುವ ಜಗಲಿಯ ಹೆಸರಾಯಿತು; ಆಮೇಲೆ ಚುನಾವಣೆಯ ಅಭ್ಯರ್ಥಿಗಳು ನಿಲ್ಲುವ ಕಟ್ಟೆ. ೧೮೭೨ರಲ್ಲಿ ಗುಪ್ತ ಮತದಾನ ಬಂದು ಕಟ್ಟೆ ಹೋಯಿತು, ಮಾತು ಉಳಿಯಿತು.

ಜರ್ಮನಿಯಲ್ಲಿ ಪದಕ್ಕೆ ಬಂದ ಗತಿಯನ್ನು ಹೇಳದಿದ್ದರೆ ಕಥೆ ಅರ್ಧವಾದೀತು. ಅಲ್ಲಿ ಸಾಮಾನ್ಯ ಮಾತಿನಲ್ಲಿ ‘ಡಿಂಗ್’ ವಸ್ತುವೇ. ಆದರೆ ರಕ್ಷಿಸು, ಸಮರ್ಥಿಸು ಎಂಬರ್ಥದ ‘ಫೆರ್‌ಟೈಡಿಗನ್’ ಎಂಬ ಕ್ರಿಯಾಪದದಲ್ಲಿ ಹಳೆಯ ನ್ಯಾಯಸಭೆಯ ದಿನ ಅವಿತುಕೊಂಡಿದೆ. ಅಲ್ಲಿ ಆಪಾದಿತನ ವಕೀಲನಿಗೂ ಕಾಲ್ಚೆಂಡಾಟದ ಹಿಂದಾಳಿಗೂ ಅದರಿಂದಾದ ಒಂದೇ ಹೆಸರು. ಇದು ನಿರಪಾಯ. ೧೯೩೩ರ ಅನಂತರ ನಾಜಿಗಳು ‘ಥಿಂಗ್’ ಎಂಬ ಹಳೆಯ ರೂಪವನ್ನೇ ಹುಡುಕಿ ತೆಗೆದು ಬೆಟ್ಟಗಳಲ್ಲಿ ಭಾರಿ ಬಯಲು ರಂಗಸ್ಥಳಗಳನ್ನು ಕಟ್ಟತೊಡಗಿದರು. ೧೯೩೫ರಲ್ಲಿ ಹೈಡೆಲ್‌ಬರ್ಗಿನ ರಂಗಸ್ಥಳವನ್ನು ಗೋಬೆಲ್ಸನೇ ತೆರೆದ. ಸಾವಿರಾರು ಜನ ಕೂಡುವರು, ಮೇಳದಲ್ಲಿ ಘೋಷಿಸುವರು. ಟಾಸಿಟಸನ ಸಭೆಯಲ್ಲಿ ಇದ್ದ ಒಂದೇ ಒಂದು ಅಂಶ ಅಲ್ಲಿರಲಿಲ್ಲ: ಗೊಣಗುವ ಹಕ್ಕು. ಕೆಲವೇ ವರ್ಷಗಳಲ್ಲಿ ಆ ಆಟ ತಾನಾಗಿಯೇ ತಣ್ಣಗಾಯಿತು. ಯುದ್ಧ ಮುಗಿದ ಮೇಲೆ ೧೯೫೦ರಲ್ಲಿ ತತ್ತ್ವಜ್ಞಾನಿ ಹೈಡೆಗ್ಗರನು ಮ್ಯೂನಿಕ್ಕಿನಲ್ಲಿ ‘ಡಿಂಗ್’ ಎಂಬ ಉಪನ್ಯಾಸ ಮಾಡಿ, ಹಳೆಯ ಅರ್ಥವನ್ನು ನೆನೆದು, ವಸ್ತು ಎಂದರೆ ಕೂಡಿಸುವಂಥದು ಎಂದ. ಒಂದು ಹೂಜಿಯನ್ನು ಉದಾಹರಿಸಿದ. ಸೊಗಸಾದ ಮಾತು. ಆದರೆ ವ್ಯುತ್ಪತ್ತಿ ಇತಿಹಾಸವನ್ನು ಹೇಳೀತೇ ಹೊರತು ಸಿದ್ಧಾಂತಕ್ಕೆ ಸಾಕ್ಷಿ ನುಡಿಯಲಾರದು. ೧೯೩೩ರಲ್ಲಿ ಆ ಪಕ್ಷವನ್ನು ಸೇರಿದ್ದವನ ಬಾಯಲ್ಲಿ ಈ ಪದ ಬಂದಾಗ ನಾನಂತೂ ಹೂಜಿಯನ್ನಲ್ಲ, ಬೆಟ್ಟದ ರಂಗಸ್ಥಳವನ್ನು ನೆನೆಯುತ್ತೇನೆ.

ಇಂಗ್ಲೆಂಡಿನಲ್ಲಿ ಪದ ಏಕೆ ಇಷ್ಟು ಬರಿದಾಯಿತು? ಅಲ್ಲಿ ಸಭೆಗೆ ‘ಗೆಮೋಟ್’ ಎಂಬ ಇನ್ನೊಂದು ಪದ ರೂಢವಾಗಿತ್ತು. ಆಮೇಲೆ ಫ್ರೆಂಚರಿಂದ ‘ಪಾರ್ಲಿಮೆಂಟ್’ ಬಂತು. ಕೆಲಸ ಕಳೆದುಕೊಂಡ ‘ಥಿಂಗ್’ ಹೇಳಿದ ಕೆಲಸವನ್ನೆಲ್ಲ ಮಾಡುವ ಆಳಾಯಿತು. ನಾರ್ವೆ, ಡೆನ್ಮಾರ್ಕುಗಳವರು ಎರಡನ್ನೂ ಇಟ್ಟುಕೊಂಡು ಲಿಂಗಭೇದದಿಂದ ನಿಭಾಯಿಸಿದ್ದಾರೆ: ‘ಟಿಂಗೆನ್’ ಎಂದರೆ ಆ ವಸ್ತು, ನಪುಂಸಕದಲ್ಲಿ ‘ಟಿಂಗೆಟ್’ ಎಂದರೆ ಆ ಸಭೆ. ಅವರ ಪಾರ್ಲಿಮೆಂಟುಗಳ ಹೆಸರು ‘ಸ್ಟೋರ್‌ಟಿಂಗ್’, ‘ಫೋಲ್ಕೆಟಿಂಗ್’.

ಮಾರನೆಯ ವಾರ ಆ ಹುಡುಗನಿಗೆ ಇದರಲ್ಲಿ ಅರ್ಧದಷ್ಟನ್ನು ಹೇಳಿದೆ. ಪರೀಕ್ಷೆಗೆ ಬರುತ್ತದೆಯೆ ಎಂದು ಕೇಳಿದ, ಬರುವುದಿಲ್ಲವೆಂದೆ. ತನ್ನ ವಾಕ್ಯದಲ್ಲಿ ‘ವಸ್ತು’ ಎಂದಿದ್ದುದನ್ನು ಹೊಡೆದುಹಾಕಿ ‘ಸಂಗತಿ’ ಎಂದು ಬರೆದುಕೊಂಡ. ನಾನು ತಿದ್ದಲಿಲ್ಲ.